ತೂಬು ಮುಚ್ಚಿದ ಮೇಲೆ ಗದ್ದೆ ಎಷ್ಟು ಒಣಗಿತು?

“ಡಾಕ್ಟರೇ, ಗಡ್ಡೆ ಎಷ್ಟು ಕರಗಿದೆ?” ಎಂಬೊಲೈಸೇಷನ್, ಅಂದರೆ ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಒಳಗಿನಿಂದಲೇ ಮುಚ್ಚುವ ಚಿಕಿತ್ಸೆ, ಮುಗಿದ ಮರುದಿನ ಎಂಆರ್‌ಐ ಕೊಠಡಿಯ ಹೊರಗೆ ರೋಗಿಯ ಕಡೆಯವರು ಕೇಳುವ ಮೊದಲ ಪ್ರಶ್ನೆ ಇದು. ಕರಗಿಲ್ಲ ಎಂದರೆ ಅವರ ಮುಖ ಬಾಡುತ್ತದೆ. ಗಡ್ಡೆ ಈಗಲೇ ಕರಗಬೇಕಾಗಿಲ್ಲ, ಮೊದಲ ಕೆಲವು ದಿನ ತುಸು ಊದಿಕೊಂಡರೂ ಆಶ್ಚರ್ಯವಿಲ್ಲ ಎಂದು ವಿವರಿಸುವಷ್ಟರಲ್ಲಿ ಮುಂದಿನ ರೋಗಿಯ ಸರದಿ ಬಂದಿರುತ್ತದೆ. ಅಲ್ಲಿ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸುತ್ತೇನೆ.

ತಲೆಯೊಳಗಿನ ಗಡ್ಡೆಗಳ ಪೈಕಿ ಈ ಚಿಕಿತ್ಸೆ ಹೆಚ್ಚಾಗಿ ನಡೆಯುವುದು ಮೆನಿಂಜಿಯೋಮಾ ಎಂಬ ಗಡ್ಡೆಗೆ. ಅದು ಮೆದುಳಿನ ಅಂಗಾಂಶದಲ್ಲಿ ಹುಟ್ಟುವುದಿಲ್ಲ. ಮೆದುಳನ್ನು ಹೊದ್ದಿರುವ ಪೊರೆಗಳಲ್ಲಿ ಹುಟ್ಟಿ ಮೆದುಳನ್ನು ಒತ್ತುತ್ತದೆ. ಬಹುಪಾಲು ಕ್ಯಾನ್ಸರ್ ಅಲ್ಲ, ಆದರೆ ಕೆಲವು ವಿಪರೀತ ರಕ್ತ ಕುಡಿದು ಬೆಳೆದಿರುತ್ತವೆ. ಆ ರಕ್ತದ ದೊಡ್ಡ ಪಾಲು ಬರುವುದು ಹೊರ ಕೆರೋಟಿಡ್ ಅಪಧಮನಿಯ ಕವಲುಗಳಿಂದ, ಅದರಲ್ಲೂ ಪೊರೆಗೆ ರಕ್ತ ಒಯ್ಯುವ ಮಧ್ಯ ಮೆನಿಂಜಿಯಲ್ ಅಪಧಮನಿಯಿಂದ. ತೊಡೆಸಂದು ಅಥವಾ ಮಣಿಕಟ್ಟಿನಿಂದ ಕೂದಲೆಳೆಯಂಥ ಕ್ಯಾತಿಟರ್ ಎಂಬ ನಳಿಕೆಯನ್ನು ಅಲ್ಲಿಯವರೆಗೆ ತೂರಿಸಿ, ಸೂಕ್ಷ್ಮ ಕಣಗಳನ್ನೋ ಅಂಟುದ್ರವವನ್ನೋ ಬಿಟ್ಟು ಹರಿವನ್ನು ತಡೆಯುತ್ತೇವೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಕಡಿಮೆ ಹರಿಯಲಿ, ಗಡ್ಡೆ ಮೆತ್ತಗಾಗಲಿ ಎಂಬುದು ಉದ್ದೇಶ.

ಎಲ್ಲರಿಗೂ ಇದು ಬೇಕಿಲ್ಲ. ತಲೆಬುರುಡೆಯ ಮೇಲ್ಭಾಗಕ್ಕೆ ಅಂಟಿದ ಗಡ್ಡೆಯಾದರೆ ಸರ್ಜನ್ ಮೊದಲು ಅದರ ಬುಡವನ್ನೇ ತಲುಪಿ ರಕ್ತನಾಳಗಳನ್ನು ಸುಟ್ಟು ಮುಚ್ಚಬಲ್ಲರು. ಬುರುಡೆಯ ತಳದಲ್ಲಿ, ಬುಡ ಕೊನೆಗೆ ಕೈಗೆ ಸಿಗುವ ದೊಡ್ಡ ಗಡ್ಡೆಗಳಲ್ಲಿ ಮಾತ್ರ ಈ ಶ್ರಮಕ್ಕೆ ಹೆಚ್ಚು ಅರ್ಥವಿದೆ ಎಂಬುದು ನನ್ನ ಅನಿಸಿಕೆ. ವೈದ್ಯರಲ್ಲೇ ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ.

ರಕ್ತನಾಳಗಳ ಎಕ್ಸ್‌-ರೇ ಚಿತ್ರವಾದ ಆಂಜಿಯೋಗ್ರಾಂನಲ್ಲಿ ಗಡ್ಡೆ ಒಂದು ಕಪ್ಪು ಮಸಿಯಂತೆ ಕಾಣುತ್ತದೆ. ಎಂಬೊಲೈಸೇಷನ್ ಮುಗಿದಾಗ ಆ ಮಸಿ ಮಾಯವಾಗಿರುತ್ತದೆ, ನಾವೂ ಬೀಗುತ್ತೇವೆ. ಆದರೆ ಕಾಲುವೆಯ ತೂಬು ಮುಚ್ಚಿದ ಮಾತ್ರಕ್ಕೆ ಗದ್ದೆ ಒಣಗಿತು ಎನ್ನಲಾಗದು. ಪಕ್ಕದ ಒರತೆಯಿಂದ ನೀರು ಜಿನುಗುತ್ತಿರಬಹುದು. ಗಡ್ಡೆಯ ಹೊರಮೈ ಮೆದುಳಿನ ಮೇಲ್ಮೈಯ ನಾಳಗಳಿಂದಲೂ ರಕ್ತ ಎಳೆದುಕೊಂಡಿರಬಹುದು. ಕಣಗಳು ಗಡ್ಡೆಯ ಒಡಲು ತಲುಪದೆ ದಾರಿಯಲ್ಲೇ ನಿಂತಿದ್ದರೂ ಮಸಿ ಮಾಯವಾಗುತ್ತದೆ. ತೂಬು ಮುಚ್ಚಿದೆಯೇ ಎಂಬುದನ್ನು ಆಂಜಿಯೋಗ್ರಾಂ ಹೇಳಬಲ್ಲದು, ಗದ್ದೆಯ ಸ್ಥಿತಿಗೆ ಎಂಆರ್‌ಐ ಬೇಕು.

ರಕ್ತದೊಡನೆ ಹರಿದು ಚಿತ್ರದಲ್ಲಿ ಹೊಳಪು ತರುವ ಗ್ಯಾಡೊಲಿನಿಯಂ ಚುಚ್ಚುಮದ್ದು ಕೊಟ್ಟು ತೆಗೆದ ಚಿತ್ರದಲ್ಲಿ ಮೆನಿಂಜಿಯೋಮಾ ಸಾಮಾನ್ಯವಾಗಿ ಇಡಿಯಾಗಿ ಬೆಳ್ಳಗೆ ಹೊಳೆಯುತ್ತದೆ. ರಕ್ತ ನಿಂತ ಭಾಗ ಹೊಳೆಯುವುದಿಲ್ಲ. ಆದ್ದರಿಂದ ಬಿಳಿಯ ನಡುವೆ ಕಪ್ಪು ದ್ವೀಪಗಳನ್ನು ಹುಡುಕುತ್ತೇವೆ. ಅವು ಎಷ್ಟು ಅಗಲ ಎಂಬುದಕ್ಕಿಂತ ಎಲ್ಲಿವೆ ಎಂಬುದೇ ನನಗೆ ಮುಖ್ಯ. ಒಡಲು ಕಪ್ಪಾಗಿ, ಮೆದುಳಿಗೆ ತಾಗಿದ ಅಂಚು ಮಾತ್ರ ಬೆಳ್ಳಗೆ ಉಳಿದಿದ್ದರೆ, ಒಳಗಿನದನ್ನು ನಿಶ್ಚಿಂತೆಯಿಂದ ತೆಗೆಯಬಹುದು, ರಕ್ತ ಚಿಮ್ಮುವುದು ಕೊನೆಯ ಸಿಪ್ಪೆಯಲ್ಲಿ ಎಂದು ಸರ್ಜನ್‌ಗೆ ಮೊದಲೇ ಹೇಳಬಹುದು.

ಡಿಫ್ಯೂಷನ್ ಚಿತ್ರ ಇನ್ನೂ ಸೂಕ್ಷ್ಮ. ಅದು ಅಂಗಾಂಶದಲ್ಲಿ ನೀರಿನ ಕಣಗಳು ಎಷ್ಟು ಸಲೀಸಾಗಿ ಅಲೆಯುತ್ತವೆ ಎಂದು ಅಳೆಯುತ್ತದೆ. ರಕ್ತವಿಲ್ಲದೆ ಜೀವಕೋಶಗಳು ಊದಿಕೊಂಡಾಗ ನೀರಿನ ಓಡಾಟ ಕಟ್ಟಿಹೋಗಿ ಆ ಜಾಗ ಹೊಳೆಯುತ್ತದೆ. ಇಲ್ಲೊಂದು ಮೋಸವಿದೆ: ಜೀವಕೋಶಗಳು ಒತ್ತೊತ್ತಾಗಿರುವ ಮೆನಿಂಜಿಯೋಮಾ ಎಂಬೊಲೈಸೇಷನ್‌ಗೆ ಮೊದಲೂ ಹಾಗೆಯೇ ಹೊಳೆಯಬಹುದು. ಹಳೆಯ ಎಂಆರ್‌ಐ ಪಕ್ಕದಲ್ಲಿಲ್ಲದೆ ಇದನ್ನು ಓದುವುದು ಕುರುಡಾಟ. ಹಳೆಯ ಸಿ.ಡಿ.ಯನ್ನು ಮನೆಯಲ್ಲೇ ಬಿಟ್ಟು ಬರುವವರ ಮೇಲೆ ನಾನು ಸಿಡುಕುವುದು ಇದಕ್ಕೇ.

ಅದೇ ಡಿಫ್ಯೂಷನ್ ಚಿತ್ರದಲ್ಲಿ ಗಡ್ಡೆಯ ಆಚೆ, ಆರೋಗ್ಯವಾಗಿರುವ ಮೆದುಳಿನಲ್ಲಿ ಹೊಸ ಬಿಳಿ ಚುಕ್ಕೆಗಳಿದ್ದರೆ ಕಣಗಳು ದಾರಿ ತಪ್ಪಿರುವ ಶಂಕೆ ಮೂಡುತ್ತದೆ. ರೋಗಿಗೆ ಗೊತ್ತೇ ಆಗದಷ್ಟು ಸಣ್ಣದಿರಬಹುದು, ಆದರೂ ಬರೆದಿಡಬೇಕು. ಗಡ್ಡೆಯೊಳಗೆ ರಕ್ತಸ್ರಾವ ಆಗಿದೆಯೇ, ಸುತ್ತಲ ಬಾವು ಹೆಚ್ಚಿದೆಯೇ ಎಂಬುದನ್ನು ಬೇರೆ ಚಿತ್ರಗಳು ತೋರಿಸುತ್ತವೆ. ರೋಗಿಗೆ ಜೋರು ತಲೆನೋವು, ವಾಂತಿ, ಮಂಪರು ಕಂಡರೆ ನಿಗದಿತ ಸಮಯಕ್ಕೆ ಕಾಯದೆ ಕೂಡಲೇ ಸ್ಕ್ಯಾನ್ ಮಾಡಿಸಬೇಕು; ಆಗ ಕೈಗೆ ಮೊದಲು ಸಿಗುವ ಸಿ.ಟಿ.ಯೇ ವಾಸಿ.

ಶಸ್ತ್ರಚಿಕಿತ್ಸೆ ಯಾವಾಗ? ಮರುದಿನವೇ ಎನ್ನುವವರಿದ್ದಾರೆ, ಗಡ್ಡೆ ಮೆತ್ತಗಾಗಲು ವಾರ ಬಿಡಬೇಕೆನ್ನುವವರೂ ಇದ್ದಾರೆ. ತೀರಾ ತಡವಾದರೆ ಹೊಸ ಕವಲುನಾಳಗಳು ತೆರೆದುಕೊಳ್ಳುತ್ತವೆ, ಒರತೆ ಗೆಲ್ಲುತ್ತದೆ.

ಒಂದು ಪ್ರಸಂಗ ಮರೆಯಲಾಗದು. ಹೊರತೆಗೆದ ಗಡ್ಡೆಯ ತುಣುಕಿನಲ್ಲಿ ಸತ್ತ ಅಂಗಾಂಶ ಕಂಡ ಪೆಥಾಲಜಿಸ್ಟ್ ಫೋನ್ ಮಾಡಿದರು. ಮೆನಿಂಜಿಯೋಮಾ ಎಷ್ಟು ಉಗ್ರ ಎಂದು ದರ್ಜೆ ಕಟ್ಟುವಾಗ, ತಾನಾಗಿ ಸತ್ತ ಅಂಗಾಂಶವೂ ಒಂದು ಲಕ್ಷಣ. ಇಲ್ಲಿ ಕೊಂದವರು ನಾವೇ, ಅವರಿಗೆ ಯಾರೂ ತಿಳಿಸಿರಲಿಲ್ಲ. ಅಂದಿನಿಂದ ನನ್ನ ಎಂಆರ್‌ಐ ವರದಿಯ ಮೊದಲ ಸಾಲಿನಲ್ಲೇ ಎಂಬೊಲೈಸೇಷನ್ ಮಾಡಿದ ದಿನಾಂಕ ಇರುತ್ತದೆ. ಬಯಾಪ್ಸಿ ಚೀಟಿಯ ಮೇಲೂ ಅದನ್ನು ಬರೆಯಿರಿ ಎಂದು ಆಪರೇಷನ್ ಥಿಯೇಟರಿಗೆ ಫೋನ್ ಮಾಡಿ ಹೇಳುತ್ತೇನೆ.