ನಿಮ್ಮ ಹತ್ತು ಮೆಗಾಹರ್ಟ್ಜ್‌ಗೆ ಎಷ್ಟು ಸೊನ್ನೆ ಬೇಕು?

ಹ್ಯಾಮ್ ರೇಡಿಯೋದಲ್ಲಿ ಪ್ರಯೋಗ ಮಾಡುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟುತ್ತದೆ. ಮೇಜಿನ ಮೇಲೊಂದು ಡಬ್ಬಿ ಇರಬೇಕು, ಅದರಿಂದ ಕರಾರುವಾಕ್ಕಾಗಿ 10 ಮೆಗಾಹರ್ಟ್ಜ್ ಬರಬೇಕು, ರಿಸೀವರ್, ಕೌಂಟರ್, ಸಿಗ್ನಲ್ ಜನರೇಟರ್ ಎಲ್ಲವೂ ಅದನ್ನೇ ನಂಬಿ ನಡೆಯಬೇಕು. ಆಸೆ ಹುಟ್ಟಿದ್ದೇ ತಡ, ಜನ ಹಳೆಯ ರುಬಿಡಿಯಂ ಡಬ್ಬಿ ಹುಡುಕಲು ಹೊರಡುತ್ತಾರೆ. ಪರಮಾಣು ಗಡಿಯಾರ ಅಂದರೆ ಅದರ ಸೆಳೆತವೇ ಬೇರೆ. ಆದರೆ ಹೆಚ್ಚಿನವರಿಗೆ ಅದು ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕೊಳ್ಳುವ ಮೊದಲು ಕಾಗದದ ಮೇಲೆ ಮಾಡಬೇಕಾದ ಒಂದು ಗುಣಾಕಾರ ಇದೆ, ಅದನ್ನು ಮಾಡದೆ ಹೊರಟರೆ ದುಡ್ಡು ದಂಡ.

ಫ್ರೀಕ್ವೆನ್ಸಿಯ ತಪ್ಪನ್ನು ಅಳೆಯುವುದು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂದು. 1 ಪಿಪಿಎಂ ತಪ್ಪು 14 ಮೆಗಾಹರ್ಟ್ಜ್‌ನಲ್ಲಿ 14 ಹರ್ಟ್ಜ್. ಅದೇ ತಪ್ಪು 10 ಗಿಗಾಹರ್ಟ್ಜ್‌ನಲ್ಲಿ 10,000 ಹರ್ಟ್ಜ್. ಮೊದಲನೆಯದು ಮಾತು ಕೇಳುವಾಗ ಕಿವಿಗೆ ತಿಳಿಯುವುದೇ ಕಷ್ಟ. ಎರಡನೆಯದರಲ್ಲಿ ನೀವು ಕರೆಯುತ್ತಿರುವವರು ಡಯಲ್‌ನಲ್ಲಿ ಎಲ್ಲಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

ವಿಸ್ಪರ್ ಪ್ರಯೋಗವನ್ನೇ ನೋಡಿ. ಅತಿ ಕಡಿಮೆ ಶಕ್ತಿಯ ಸಂಕೇತ ಎಷ್ಟು ದೂರ ಹೋಗುತ್ತದೆ ಎಂದು ನೋಡುವ ಆಟ ಅದು. ಅದರ ಸ್ವರಗಳ ನಡುವಿನ ಅಂತರ 1.46 ಹರ್ಟ್ಜ್ ಮಾತ್ರ, ಒಂದು ಸಂದೇಶ ಹೋಗಲು ಸುಮಾರು 111 ಸೆಕೆಂಡ್ ಬೇಕು. ಅಂತರ ಇಷ್ಟು ಕಿರಿದು ಎಂದು ಕೇಳಿ ಕೆಲವರು ಹೆದರುತ್ತಾರೆ. ಆದರೆ ಎಲ್ಲರೂ ಸೇರುವ ಕಿಟಕಿ 200 ಹರ್ಟ್ಜ್ ಅಗಲ ಇದೆ. ಅದರ ನಡುಮಧ್ಯಕ್ಕೆ ಗುರಿಯಿಟ್ಟರೆ, ಮೂಲ ಆಸಿಲೇಟರ್, ಅಂದರೆ ಫ್ರೀಕ್ವೆನ್ಸಿ ಹುಟ್ಟಿಸುವ ಕ್ರಿಸ್ಟಲ್ ಸರ್ಕ್ಯೂಟ್, 5 ಪಿಪಿಎಂ ತಪ್ಪಿದ್ದರೂ 14 ಮೆಗಾಹರ್ಟ್ಜ್‌ನಲ್ಲಿ 70 ಹರ್ಟ್ಜ್ ಸರಿದು ಕಿಟಕಿಯೊಳಗೇ ಉಳಿಯುತ್ತೀರಿ. ಇಲ್ಲಿ ಕಷ್ಟ ಕೊಡುವುದು ಆ 111 ಸೆಕೆಂಡಿನೊಳಗೆ ಆಗುವ ಜಾರುವಿಕೆ. ಸಂದೇಶ ಕಳುಹಿಸುವಾಗ ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಆ ಬಿಸಿ ಪಕ್ಕದ ಕ್ರಿಸ್ಟಲ್‌ಗೆ ತಟ್ಟುತ್ತದೆ, ಫ್ರೀಕ್ವೆನ್ಸಿ ಮೆಲ್ಲಗೆ ಓಡುತ್ತದೆ. ಇದಕ್ಕೆ ಪರಮಾಣು ಗಡಿಯಾರ ಬೇಡ. ಕ್ರಿಸ್ಟಲ್ಲನ್ನು ಆಂಪ್ಲಿಫೈಯರ್‌ನಿಂದ ದೂರ ಇಟ್ಟು, ಸುತ್ತ ಸ್ವಲ್ಪ ಥರ್ಮೋಕೋಲ್ ಹಾಕಿದರೂ ಅರ್ಧ ಕೆಲಸ ಮುಗಿಯುತ್ತದೆ.

ಇದಕ್ಕೆ ತೀರ ವಿರುದ್ಧ ಉದಾಹರಣೆ ಕ್ಯೂಓ-100. 2018ರ ನವೆಂಬರ್‌ನಲ್ಲಿ ಹಾರಿದ ಎಸ್‌ಹೈಲ್-2 ಉಪಗ್ರಹದಲ್ಲಿ ಹವ್ಯಾಸಿಗಳಿಗೆಂದೇ ಇರುವ ಭಾಗ ಇದು. 2,400 ಮೆಗಾಹರ್ಟ್ಜ್‌ನಲ್ಲಿ ಮಾತಾಡಬೇಕು, 10,489 ಮೆಗಾಹರ್ಟ್ಜ್‌ನ ಆಸುಪಾಸಿನಲ್ಲಿ ಕೇಳಬೇಕು. ಕೇಳಲು ಡಿಶ್ ಟಿವಿಯ ಎಲ್‌ಎನ್‌ಬಿಯೇ, ಅಂದರೆ ತಟ್ಟೆಯ ಮುಂದೆ ಕೂರುವ ಪುಟ್ಟ ರಿಸೀವರ್ ಡಬ್ಬಿಯೇ ಸಾಕು. ಆದರೆ ಅದರೊಳಗಿನ ಅಗ್ಗದ 25 ಮೆಗಾಹರ್ಟ್ಜ್ ಕ್ರಿಸ್ಟಲ್‌ನ ಫ್ರೀಕ್ವೆನ್ಸಿಯನ್ನು 390 ಪಟ್ಟು ಹೆಚ್ಚಿಸಿ 9,750 ಮೆಗಾಹರ್ಟ್ಜ್ ಮಾಡುತ್ತಾರೆ. ತಪ್ಪೂ 390 ಪಟ್ಟು ಬೆಳೆಯುತ್ತದೆ, ಅಲ್ವಾ? 10 ಪಿಪಿಎಂ ಅಂದರೆ 97 ಕಿಲೋಹರ್ಟ್ಜ್‌ಗಿಂತ ಜಾಸ್ತಿ. ಮೇಲಾಗಿ ಎಲ್‌ಎನ್‌ಬಿ ಇರುವುದು ಬಿಸಿಲಿನಲ್ಲಿ. ಒಂದು ಮೋಡ ಅಡ್ಡ ಬಂದರೆ ಕೇಳುತ್ತಿದ್ದ ದನಿ ಜಾರಿಹೋಗುತ್ತದೆ. ಒಳ್ಳೆಯ ರೆಫರೆನ್ಸ್ ನಿಜವಾಗಿ ಬೇಕಾಗುವುದು ಇಲ್ಲಿ.

ಹಾಗಾದರೆ ಏನೇನು ಸಿಗುತ್ತದೆ? ಎಲ್ಲಕ್ಕೂ ಬುಡದಲ್ಲಿರುವುದು ಸ್ಫಟಿಕದ ತೆಳು ಚೂರು. ವಿದ್ಯುತ್ ಕೊಟ್ಟರೆ ಅದು ನಡುಗುತ್ತದೆ, ಎಷ್ಟು ದಪ್ಪವೋ ಅದಕ್ಕೆ ತಕ್ಕ ವೇಗದಲ್ಲಿ. ಕಾವು ಬದಲಾದರೆ ವೇಗ ಬದಲು. ವಯಸ್ಸಾದರೂ ಬದಲು: ಹಿಡಿಕೆಯ ಬಿಗಿ ಸಡಿಲವಾಗುತ್ತದೆ, ಮೇಲ್ಮೈಯಲ್ಲಿ ಕಣಗಳು ಅತ್ತಿತ್ತ ಆಗುತ್ತವೆ. ಸಾಮಾನ್ಯ ಕ್ರಿಸ್ಟಲ್ 20ರಿಂದ 50 ಪಿಪಿಎಂ ತಪ್ಪಬಹುದು. ಟಿಸಿಎಕ್ಸ್‌ಓದಲ್ಲಿ ಕಾವಿಗೆ ತಕ್ಕಂತೆ ತಿದ್ದುವ ಸರ್ಕ್ಯೂಟ್ ಇರುತ್ತದೆ, ತಪ್ಪು ಒಂದೆರಡು ಪಿಪಿಎಂಗೆ ಇಳಿಯುತ್ತದೆ. ಶಾರ್ಟ್‌ವೇವ್ ಕೆಲಸಕ್ಕೆ ಇದು ಧಾರಾಳವಾಗಿ ಸಾಕು. ಅಮೆರಿಕದ ಕೊಲೊರಾಡೊದ ಡಬ್ಲ್ಯುಡಬ್ಲ್ಯುವಿ ಕೇಂದ್ರದಂಥ ಪ್ರಮಾಣಿತ ಸಂಕೇತ ಕೇಳಿಸುವ ಕಡೆ ಇದ್ದರೆ ಅದರ 10 ಮೆಗಾಹರ್ಟ್ಜ್‌ಗೆ ಹೋಲಿಸಿ ಸರಿಪಡಿಸಿಕೊಳ್ಳಬಹುದು. ಆದರೆ ಆ ಸಂಕೇತ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರವಾದ ಅಯಾನುಗೋಳದಲ್ಲಿ ಪ್ರತಿಫಲಿಸಿ ಬರುವುದು. ಆ ಪದರ ಬೆಳಗ್ಗೆ ಸಂಜೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಡಾಪ್ಲರ್ ಪರಿಣಾಮದಿಂದ ಒಂದು ಹರ್ಟ್ಜ್‌ನಷ್ಟು ಏರುಪೇರು ಆಗಬಹುದು. ಮಧ್ಯಾಹ್ನ ಹೋಲಿಸುವುದು ಮೇಲು.

ಅದರ ಮೇಲಿನದು ಓಸಿಎಕ್ಸ್‌ಓ. ಕ್ರಿಸ್ಟಲ್ಲನ್ನು ಪುಟ್ಟ ಒಲೆಯೊಳಗಿಟ್ಟು, ಸುತ್ತಲಿನ ಗಾಳಿಗಿಂತ ಯಾವಾಗಲೂ ಬಿಸಿಯಾಗಿರುವ ಒಂದೇ ಕಾವಿನಲ್ಲಿ ಕಾಯುತ್ತಾರೆ. ಕಾವು ಚೂರು ಆಚೀಚೆ ಆದರೂ ಫ್ರೀಕ್ವೆನ್ಸಿ ಹೆಚ್ಚು ಕದಲದ ಜಾಗ ಒಂದಿರುತ್ತದೆ, ಒಲೆಯನ್ನು ಅಲ್ಲಿಗೇ ಹೊಂದಿಸಿರುತ್ತಾರೆ. ಹಳೆಯ ಟೆಲಿಕಾಂ ಉಪಕರಣಗಳಿಂದ ಬಿಚ್ಚಿದ ಓಸಿಎಕ್ಸ್‌ಓಗಳು ಸಿಗುತ್ತವೆ. ಇಲ್ಲಿ ಹಳೆಯದು ಅಂದರೆ ಕೊರತೆ ಅಲ್ಲ. ವರ್ಷಗಟ್ಟಲೆ ಓಡಿದ ಕ್ರಿಸ್ಟಲ್ ಹೊಸದಕ್ಕಿಂತ ನಿಧಾನವಾಗಿ ಜಾರುತ್ತದೆ. ಅದನ್ನು ಪದೇ ಪದೇ ಆರಿಸಬಾರದು ಅಷ್ಟೇ. ಆರಿಸಿ ಹಚ್ಚಿದರೆ ಮತ್ತೆ ಹಳೇ ಜಾಗಕ್ಕೇ ಬಂದು ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ.

ಇನ್ನು ರುಬಿಡಿಯಂ. ಅದರ ಪರಮಾಣು 6,834,682,610.9 ಹರ್ಟ್ಜ್‌ನ ಮೈಕ್ರೋವೇವ್‌ಗೆ ಸ್ಪಂದಿಸುತ್ತದೆ. ಡಬ್ಬಿಯೊಳಗೆ ರುಬಿಡಿಯಂ ದೀಪದ ಬೆಳಕು ಆವಿ ತುಂಬಿದ ಗಾಜಿನ ಕೋಶ ದಾಟಿ ಬರುತ್ತದೆ. ಮೈಕ್ರೋವೇವ್ ಸರಿಯಾಗಿ ಹೊಂದಿದಾಗ ಆ ಬೆಳಕು ತುಸು ಮಂಕಾಗುತ್ತದೆ. ಮಂಕನ್ನೇ ಹಿಂಬಾಲಿಸಿ ಸರ್ಕ್ಯೂಟ್ ಒಂದು ಕ್ರಿಸ್ಟಲ್ಲನ್ನು ತಿದ್ದುತ್ತಿರುತ್ತದೆ. ಹೌದು, ಅಲ್ಲಿಯೂ ಹೊರಗೆ ಬರುವುದು ಕ್ರಿಸ್ಟಲ್‌ನ ಸಂಕೇತವೇ! ಕೋಶದಲ್ಲಿ ರುಬಿಡಿಯಂ ಜೊತೆ ಬೇರೆ ಅನಿಲವೂ ಇರುವುದರಿಂದ ಫ್ರೀಕ್ವೆನ್ಸಿ ಸ್ವಲ್ಪ ಸರಿದಿರುತ್ತದೆ. ಹಾಗಾಗಿ ಅದನ್ನೂ ಇನ್ನೊಂದಕ್ಕೆ ಹೋಲಿಸಿ ಹೊಂದಿಸಲೇಬೇಕು. ದೀಪಕ್ಕೆ ಆಯುಷ್ಯ ಇದೆ, ಕರೆಂಟು ತಿನ್ನುತ್ತದೆ, ಬಿಸಿಯಾಗುತ್ತದೆ. ಆಕಾಶ ಕಾಣದ ಕಡೆ, ಅಥವಾ ಬೆಟ್ಟದ ಮೇಲೆ ಹೋಗಿ ಕೆಲವೇ ನಿಮಿಷದಲ್ಲಿ ನಿಖರ ಸಂಕೇತ ಬೇಕು ಅನ್ನುವವರಿಗೆ ಇದು ಸರಿ. ಸುಮ್ನೆ ಇರಲಿ ಅಂತ ತರುವ ವಸ್ತು ಅಲ್ಲ.

ನನ್ನ ಓಟು ಜಿಪಿಎಸ್‌ಗೆ. ಪ್ರತಿ ಜಿಪಿಎಸ್ ಉಪಗ್ರಹದಲ್ಲೂ ಪರಮಾಣು ಗಡಿಯಾರ ಇದೆ, ಅದನ್ನು ನೆಲದಿಂದ ಸದಾ ಗಮನಿಸುತ್ತಿರುತ್ತಾರೆ. ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ ಎಂದು ಸಾಪೇಕ್ಷತಾ ಸಿದ್ಧಾಂತ ಹೇಳುತ್ತದೆ. ಅದಕ್ಕೇ ಹಾರಿಸುವ ಮೊದಲೇ ಅಷ್ಟು ನಿಧಾನ ಮಾಡಿರುತ್ತಾರೆ. ಮಾಡದಿದ್ದರೆ ನಮ್ಮ 10 ಗಿಗಾಹರ್ಟ್ಜ್‌ನಲ್ಲಿ ಸುಮಾರು ನಾಲ್ಕೂವರೆ ಹರ್ಟ್ಜ್ ತಪ್ಪು ಕಾಣುತ್ತಿತ್ತು. ಐನ್‌ಸ್ಟೈನ್ ಹೇಳಿದ್ದು ಹವ್ಯಾಸಿಯ ಮೇಜಿನ ಮೇಲೆ ಹರ್ಟ್ಜ್ ಲೆಕ್ಕದಲ್ಲಿ ಸಿಗುತ್ತದೆ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಜಿಪಿಎಸ್ ಮಾಡ್ಯೂಲ್ ಸೆಕೆಂಡಿಗೊಂದು ಮಿಡಿತ ಕೊಡುತ್ತದೆ. ಆ ಮಿಡಿತ 20 ನ್ಯಾನೊಸೆಕೆಂಡ್ ಹಿಂದೆ ಮುಂದೆ ಆಗುತ್ತದೆ ಎಂದುಕೊಳ್ಳಿ. ಒಂದೇ ಸೆಕೆಂಡ್ ನೋಡಿದರೆ 10 ಗಿಗಾಹರ್ಟ್ಜ್‌ನಲ್ಲಿ ಅದು 200 ಹರ್ಟ್ಜ್ ತಪ್ಪು, ಉಪಯೋಗವಿಲ್ಲ. ಆದರೆ ಈ ಅಲುಗಾಟ ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ. 1,000 ಸೆಕೆಂಡ್ ನೋಡಿದರೆ ಅದೇ ತಪ್ಪು 0.2 ಹರ್ಟ್ಜ್‌ಗೆ ಇಳಿಯುತ್ತದೆ. ಹೆಜ್ಜೆ ಹೆಜ್ಜೆಗೂ ತೂರಾಡುತ್ತಾ ಮನೆಯ ದಾರಿ ಮಾತ್ರ ತಪ್ಪದ ಕುಡುಕನಂತೆ ಜಿಪಿಎಸ್. ಓಸಿಎಕ್ಸ್‌ಓ ನೆಟ್ಟಗೆ ನಡೆಯುತ್ತದೆ, ಆದರೆ ದಿನ ಕಳೆದಂತೆ ದಾರಿ ಬಿಡುತ್ತದೆ. ಎರಡನ್ನೂ ಜೋಡಿಸಿ, ಜಿಪಿಎಸ್ ನೋಡಿ ಓಸಿಎಕ್ಸ್‌ಓವನ್ನು ನಿಧಾನವಾಗಿ ತಿದ್ದುವ ಡಬ್ಬಿಯೇ ಜಿಪಿಎಸ್‌ಡಿಓ. ತಿದ್ದುವ ಅವಸರ ಜಾಸ್ತಿಯಾದರೆ ತೂರಾಟ ಓಸಿಎಕ್ಸ್‌ಓಗೂ ಅಂಟುತ್ತದೆ.

ಬರೀ ಮಾಡ್ಯೂಲ್‌ನಿಂದಲೇ ನೇರವಾಗಿ 10 ಮೆಗಾಹರ್ಟ್ಜ್ ತೆಗೆಯಬಹುದು ಎಂಬ ಸಲಹೆ ಕೇಳಿರುತ್ತೀರಿ. ಯು-ಬ್ಲಾಕ್ಸ್ ಕಂಪನಿಯ ಹಲವು ಮಾಡ್ಯೂಲ್‌ಗಳ ಒಳಗಿನ ಗಡಿಯಾರ 48 ಮೆಗಾಹರ್ಟ್ಜ್. 48ನ್ನು 10ರಿಂದ ಭಾಗಿಸಿದರೆ ಪೂರ್ಣ ಸಂಖ್ಯೆ ಬರುವುದಿಲ್ಲ, ಹಾಗಾಗಿ ಅಲೆಗಳು ಒಂದು ಉದ್ದ ಒಂದು ಗಿಡ್ಡ ಬರುತ್ತವೆ. 8 ಮೆಗಾಹರ್ಟ್ಜ್ ಕೇಳಿದರೆ ಎಷ್ಟೋ ಅಚ್ಚುಕಟ್ಟು. ಫ್ರೀಕ್ವೆನ್ಸಿ ಕೌಂಟರ್ ಹೊಂದಿಸಲು ಇಷ್ಟು ಸಾಕು. ಮೈಕ್ರೋವೇವ್‌ಗೆ ಸಾಲದು. 10 ಮೆಗಾಹರ್ಟ್ಜ್‌ನಿಂದ 10 ಗಿಗಾಹರ್ಟ್ಜ್‌ಗೆ ಸಾವಿರ ಪಟ್ಟು ಏರಿಸುವಾಗ ಸಂಕೇತದ ಸುತ್ತಲಿನ ಗದ್ದಲ 60 ಡೆಸಿಬೆಲ್ ಏರುತ್ತದೆ. ಕೌಂಟರ್‌ನಲ್ಲಿ ಚೆಂದದ ಸೊನ್ನೆಗಳ ಸಾಲು ಕಾಣುತ್ತದೆ, ಕಿವಿಯಲ್ಲಿ ಮಾತ್ರ ಗೊರಗೊರ.

ಜಿಪಿಎಸ್‌ಡಿಓ ಕೊಂಡ ಮೇಲೆ ಆಂಟೆನಾಗೆ ಆಕಾಶ ಚೆನ್ನಾಗಿ ಕಾಣಬೇಕು, ಓಸಿಎಕ್ಸ್‌ಓವನ್ನು ತಿದ್ದುವ ವೋಲ್ಟೇಜ್ ಸ್ವಚ್ಛವಾಗಿರಬೇಕು, ಅದರ ಮೇಲೆ ಫ್ಯಾನಿನ ಗಾಳಿ ಬೀಳಬಾರದು. ಬಿಚ್ಚಿದ ಓಸಿಎಕ್ಸ್‌ಓ ಆದರೆ ಕೆಲವು ದಿನ ಹಚ್ಚೇ ಇಟ್ಟು, ತಿದ್ದುವ ವೋಲ್ಟೇಜ್ ದಿನದಿನಕ್ಕೆ ಎತ್ತ ಹೋಗುತ್ತದೆ ಎಂದು ಬರೆದುಕೊಳ್ಳಿ. ಒಂದೇ ದಿಕ್ಕಿಗೆ ನಿಧಾನವಾಗಿ, ದಿನದಿಂದ ದಿನಕ್ಕೆ ಇನ್ನೂ ಕಡಿಮೆ ಸರಿಯುತ್ತಿದ್ದರೆ ಒಳ್ಳೆಯದು. ಇದ್ದಕ್ಕಿದ್ದಂತೆ ಜಿಗಿಯುತ್ತಿದ್ದರೆ ಅದನ್ನು ಬಿಟ್ಟು ಇನ್ನೊಂದು ನೋಡಿ.