ತೆರೆಯ ಮೇಲೆ ದಡ ಮುಟ್ಟಿದ ಹಡಗು

1960ರಲ್ಲಿ ತೆರೆಕಂಡ ‘ಎಕ್ಸೋಡಸ್’ ಮೂರೂವರೆ ಗಂಟೆಗೆ ಎರಡೇ ನಿಮಿಷ ಕಡಿಮೆಯಿರುವ ಚಿತ್ರ. ಸೈಪ್ರಸ್‌ನ ಶಿಬಿರದಲ್ಲಿದ್ದ 611 ಯಹೂದಿ ನಿರಾಶ್ರಿತರನ್ನು ನಾಯಕ ಪಾಲ್ ನ್ಯೂಮನ್ ಬ್ರಿಟಿಷ್ ಅಧಿಕಾರಿಯ ವೇಷ ಹಾಕಿ ಹಡಗು ಹತ್ತಿಸುತ್ತಾನೆ. ಬ್ರಿಟಿಷರು ಬಂದರಿನ ಬಾಯಿ ಕಟ್ಟುತ್ತಾರೆ, ನಿರಾಶ್ರಿತರು ಉಪವಾಸ ಕೂರುತ್ತಾರೆ, ಕೊನೆಗೆ ಸರ್ಕಾರವೇ ಮಣಿದು ಹಡಗು ಪ್ಯಾಲೆಸ್ಟೈನ್ ಸೇರುತ್ತದೆ. ಅದೇ ಹೆಸರಿನ ಹಡಗೊಂದು 1947ರಲ್ಲಿ ನಿಜವಾಗಿಯೂ ಇತ್ತು. ಅದು ಸೈಪ್ರಸ್‌ನಿಂದ ಹೊರಟದ್ದಲ್ಲ. ಅದರಲ್ಲಿ ಬಂದವರಿಗೆ ಪ್ಯಾಲೆಸ್ಟೈನ್‌ನಲ್ಲಿ ಉಳಿಯಲು ಬಿಡಲೂ ಇಲ್ಲ.

ಪ್ಯಾಲೆಸ್ಟೈನ್ ಆಗ ಬ್ರಿಟನ್ ಆಡಳಿತದಲ್ಲಿತ್ತು. ಗಂಟು ಬಿದ್ದದ್ದು ಅದು 1939ರಲ್ಲಿ ಹೊರಡಿಸಿದ ಶ್ವೇತಪತ್ರದಲ್ಲಿ, ಅಂದರೆ ನೀತಿ ಘೋಷಣೆಯಲ್ಲಿ. ಐದು ವರ್ಷಕ್ಕೆ 75,000 ಯಹೂದಿಗಳು ಮಾತ್ರ ಬರಬಹುದು, ಆಮೇಲೆ ಅರಬ್ಬರ ಒಪ್ಪಿಗೆ ಬೇಕು ಎಂದು ಬ್ರಿಟನ್ ಕಟ್ಟು ಹಾಕಿತು. ಆಗ ಅಲ್ಲಿ ಬಹುಸಂಖ್ಯಾತರಾಗಿದ್ದ ಅರಬ್ಬರಿಗೆ ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾಗುವ ಭಯ. ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನ ಶಿಬಿರಗಳಲ್ಲಿ ಹಿಂತಿರುಗಲು ಮನೆಯೇ ಇಲ್ಲದ ಲಕ್ಷಾಂತರ ಯಹೂದಿಗಳಿದ್ದರು. ತಿಂಗಳಿಗೆ ಸಿಗುತ್ತಿದ್ದ ಪ್ರವೇಶ ಪತ್ರ 1,500. ಯಹೂದಿಗಳ ಭೂಗತ ಸೇನೆ ಹಗಾನಾ ಹಳೆಯ ಹಡಗುಗಳನ್ನು ಕೊಂಡು ಕದ್ದು ಸಾಗಿಸತೊಡಗಿತು. 1946ರ ಆಗಸ್ಟ್‌ನಿಂದ ಸಿಕ್ಕಿಬಿದ್ದವರನ್ನೆಲ್ಲ ಸೈಪ್ರಸ್‌ನ ಮುಳ್ಳುತಂತಿಯೊಳಗೆ ಹಾಕಲಾಯಿತು. 1949ರ ಫೆಬ್ರವರಿಯಲ್ಲಿ ಶಿಬಿರ ಖಾಲಿಯಾಗುವ ಹೊತ್ತಿಗೆ 50,000ಕ್ಕೂ ಹೆಚ್ಚು ಜನ ಅಲ್ಲಿ ಇದ್ದು ಹೋಗಿದ್ದರು.

ಎಕ್ಸೋಡಸ್‌ನ ಮೊದಲ ಹೆಸರು ‘ಪ್ರೆಸಿಡೆಂಟ್ ವಾರ್‌ಫೀಲ್ಡ್’. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ರಾತ್ರಿ ಪ್ರಯಾಣಿಕರನ್ನು ಒಯ್ಯುತ್ತಿದ್ದ, 1928ರ ಉಗಿಹಡಗು. ಮಹಾಸಾಗರಕ್ಕೆಂದು ಕಟ್ಟಿದ್ದಲ್ಲ. ಆದರೆ ತಳ ಹೆಚ್ಚು ಆಳಕ್ಕೆ ಇಳಿಯದಿರುವುದೇ ಹಗಾನಾಕ್ಕೆ ಬೇಕಿದ್ದ ಗುಣ: ಯುದ್ಧನೌಕೆಗಳು ಬರಲಾಗದ ತೆಳುನೀರಿಗೆ ನುಗ್ಗಿ, ಮರಳಿಗೇ ತಾಗಿಸಿ ಜನರನ್ನು ಇಳಿಸಬಹುದು. ಒಳಗಿನ ಕೋಣೆಗಳನ್ನು ಕಿತ್ತು ಅಟ್ಟಣಿಗೆಯಂತೆ ಹಲಗೆ ಹೊಡೆದರು. 1947ರ ಜುಲೈ 11ರಂದು ಫ್ರಾನ್ಸಿನ ಸೆತ್ ಬಂದರಿನಿಂದ 4,500ಕ್ಕೂ ಹೆಚ್ಚು ಜನರನ್ನು ತುಂಬಿಕೊಂಡು ಹೊರಟಿತು.

ಈ ಲೆಕ್ಕಾಚಾರ ಬ್ರಿಟಿಷರಿಗೂ ಗೊತ್ತಿತ್ತು. ಹಾಗಾಗಿ ಜುಲೈ 18ರ ನಸುಕಿಗೆ ಮುಂಚೆ, ಹಡಗು ಇನ್ನೂ ಆಳನೀರಿನಲ್ಲಿರುವಾಗಲೇ, ಪ್ಯಾಲೆಸ್ಟೈನ್‌ನ ಜಲಗಡಿಯಾಚೆ ಎರಡು ಮಗ್ಗುಲಿನಿಂದ ಡಿಕ್ಕಿ ಹೊಡೆದರು. ನೌಕಾಪಡೆಯವರು ಲಾಠಿ, ಅಶ್ರುವಾಯು ಹಿಡಿದು ಜಿಗಿದರೆ, ಮೇಲಿನಿಂದ ಆಲೂಗಡ್ಡೆ, ಆಹಾರದ ಡಬ್ಬಿ ತೂರಿಬಂದವು. ಚುಕ್ಕಾಣಿ ಕೋಣೆ ಕೈತಪ್ಪಿತು. ಗುಂಡೂ ಹಾರಿತು. ಸತ್ತವರು ಮೂವರು, ಅವರಲ್ಲೊಬ್ಬ ಹಡಗಿನ ಅಮೆರಿಕನ್ ನಾವಿಕ ಬಿಲ್ ಬರ್ನ್‌ಸ್ಟೀನ್. ಬದಿ ಒಡೆದು ಗಾಯಾಳುಗಳು ಹೆಚ್ಚಿದಾಗ ಹಗಾನಾದ ಕಮಾಂಡರ್ ಯೋಸಿ ಹರೇಲ್ ಶರಣಾಗಲು ಒಪ್ಪಿದ. ಕ್ಯಾಪ್ಟನ್ ಐಕ್ ಅರೊನೊವಿಚ್‌ಗೆ ಅದು ಸಮ್ಮತವಿರಲಿಲ್ಲ.

ಅಲ್ಲಿಯವರೆಗಿನ ರೂಢಿಯಂತೆ ಸೈಪ್ರಸ್‌ಗೆ ಕಳಿಸಿದ್ದರೆ ಈ ಹಡಗಿನ ಹೆಸರು ಇಷ್ಟು ಉಳಿಯುತ್ತಿತ್ತೇ, ಅನುಮಾನ. ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್‌ಗೆ ಪಾಠ ಕಲಿಸುವ ಹಟ. ಹೈಫಾದಲ್ಲಿ ಮೂರು ಹಡಗುಗಳಿಗೆ ತುಂಬಿ, ಬಂದಲ್ಲಿಗೇ ಅಟ್ಟಿದರು. ತಾವಾಗಿ ಇಳಿದವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ಫ್ರಾನ್ಸ್ ಹೇಳಿತು. ಬೆರಳೆಣಿಕೆಯ ಜನರನ್ನು ಬಿಟ್ಟರೆ ಯಾರೂ ಇಳಿಯಲಿಲ್ಲ. ತಂತಿಬಲೆ ಬಿಗಿದ ಡೆಕ್ಕಿನಲ್ಲಿ, ಆಗಸ್ಟ್‌ನ ಸೆಕೆಯಲ್ಲಿ, ವಾರಗಟ್ಟಲೆ ಕುಳಿತರು. ಕೊನೆಗೆ ಬ್ರಿಟನ್ ಅವರನ್ನು ತನ್ನ ಹಿಡಿತದಲ್ಲಿದ್ದ ಹ್ಯಾಂಬರ್ಗ್‌ಗೆ ಒಯ್ದು, ಸೆಪ್ಟೆಂಬರ್‌ನಲ್ಲಿ ಎಳೆದು ಇಳಿಸಿತು. ನಾಜಿ ಶಿಬಿರಗಳಿಂದ ಬದುಕಿ ಬಂದವರನ್ನು ಮತ್ತೆ ಜರ್ಮನಿಗೆ! ಪತ್ರಕರ್ತರ ಕ್ಯಾಮೆರಾಗಳ ಎದುರೇ ಇದು ನಡೆಯಿತು.

ಹೈಫಾದಲ್ಲಿ ಜನರನ್ನು ಹಡಗು ಬದಲಿಸುವಾಗ ವಿಶ್ವಸಂಸ್ಥೆಯ ಪ್ಯಾಲೆಸ್ಟೈನ್ ಸಮಿತಿಯ ಸದಸ್ಯರೂ ಕಂಡಿದ್ದರು. ಹನ್ನೊಂದು ದೇಶಗಳ ಆ ಸಮಿತಿಯಲ್ಲಿ ಭಾರತವೂ ಇತ್ತು. ಬಹುಮತ ಪ್ಯಾಲೆಸ್ಟೈನನ್ನು ಯಹೂದಿ, ಅರಬ್ ರಾಜ್ಯಗಳಾಗಿ ಒಡೆಯುವ ವಿಭಜನೆಗೆ ಬಿತ್ತು. ಭಾರತದ ಪ್ರತಿನಿಧಿ ಅಬ್ದುರ್ ರೆಹಮಾನ್ ಇರಾನ್, ಯುಗೋಸ್ಲಾವಿಯಾಗಳ ಜೊತೆ ಒಂದೇ ಒಕ್ಕೂಟ ರಾಜ್ಯ ಬೇಕೆಂದರು. ನವೆಂಬರ್ 29ರಂದು ವಿಭಜನೆ 33–13 ಮತಗಳಿಂದ ಗೆದ್ದಾಗಲೂ ಭಾರತ ವಿರುದ್ಧ ಮತ ಹಾಕಿತು.

ಹಾಗಾದರೆ ಸಿನಿಮಾದ ಉಪವಾಸ? ಅದು ಪೂರಾ ಕಟ್ಟುಕತೆಯಲ್ಲ. 1946ರಲ್ಲಿ ಇಟಲಿಯ ಲಾ ಸ್ಪೆಜಿಯಾ ಬಂದರಿನಲ್ಲಿ ತಡೆಹಿಡಿಯಲಾಗಿದ್ದ 1,014 ನಿರಾಶ್ರಿತರು ಉಪವಾಸ ಕೂತು, ಬ್ರಿಟನ್‌ನಿಂದ ಪ್ರವೇಶ ಪತ್ರ ಪಡೆದೇ ಹೊರಟಿದ್ದರು. ಆ ಗೆಲುವಿಗೆ ಈ ಹೆಸರು ಅಂಟಿಸಿ, ಸೈಪ್ರಸ್ಸನ್ನು ಹಿನ್ನೆಲೆ ಮಾಡಿಕೊಂಡರೆ ಕತೆ ಸಿದ್ಧ. 1958ರ ಲಿಯಾನ್ ಯೂರಿಸ್ ಕಾದಂಬರಿ ಮಾಡಿದ್ದು ಇದನ್ನೇ; ನಿರ್ದೇಶಕ ಒಟ್ಟೊ ಪ್ರೆಮಿಂಜರ್ ಅದನ್ನೇ ಮುಂದುವರಿಸಿದರು. ಕತೆಗೆ ಅನುಕೂಲವಾಯಿತು, ಆದರೆ ಸೋಲೇ ಹೇಗೆ ಬ್ರಿಟನ್‌ನ ಕೈ ಕಟ್ಟಿತು ಎಂಬ ನಿಜವಾದ ನಾಟಕ ಕೈಬಿಟ್ಟುಹೋಯಿತು.

ಚಿತ್ರಕತೆ ಬರೆದವರು ಡಾಲ್ಟನ್ ಟ್ರಂಬೊ. ಕಮ್ಯುನಿಸ್ಟ್ ಎಂಬ ಆರೋಪದಲ್ಲಿ ಹಾಲಿವುಡ್ ಅವರನ್ನು ಕೆಲಸ ಕೊಡಬಾರದವರ ಕಪ್ಪುಪಟ್ಟಿಗೆ ಸೇರಿಸಿದ್ದೂ 1947ರ ನವೆಂಬರ್‌ನಲ್ಲೇ, ವಿಶ್ವಸಂಸ್ಥೆ ಮತ ಹಾಕಿದ ಅದೇ ವಾರ. 1960ರ ಜನವರಿಯಲ್ಲಿ ಪ್ರೆಮಿಂಜರ್, ಟ್ರಂಬೊ ಹೆಸರನ್ನು ಬಹಿರಂಗವಾಗಿ ಹೇಳಿದ್ದು ಆ ಪಟ್ಟಿಯ ಬುಡ ಅಲುಗಿಸಿತು. ಹಾಲಿವುಡ್ ಮಟ್ಟಿಗೆ ಚಿತ್ರದ ದೊಡ್ಡ ಸಾಧನೆ ಬಹುಶಃ ಇದೇ, ಅರ್ನೆಸ್ಟ್ ಗೋಲ್ಡ್ ಸಂಗೀತಕ್ಕೆ ಬಂದ ಆಸ್ಕರ್ ಕೂಡ ಇದರ ಮುಂದೆ ಸಣ್ಣದು.

ಕೊನೆಯ ದೃಶ್ಯದಲ್ಲಿ ಯಹೂದಿ ಹುಡುಗಿಯನ್ನೂ ಅರಬ್ ಗೆಳೆಯನನ್ನೂ ಒಂದೇ ಗುಂಡಿಯಲ್ಲಿ ಹೂಳುತ್ತಾರೆ. ಪಕ್ಕದಲ್ಲೇ ಟ್ರಕ್ಕುಗಳು ವಿಭಜನೆಯ ಬೆನ್ನಿಗೇ ಬಂದ ಅರಬ್–ಯಹೂದಿ ಯುದ್ಧಕ್ಕೆ ಹೊರಡುತ್ತವೆ. ಆ ಯುದ್ಧದಲ್ಲಿ ಮನೆ ಕಳೆದುಕೊಂಡ ಸುಮಾರು 7 ಲಕ್ಷ ಪ್ಯಾಲೆಸ್ಟೈನಿಯರ ಕತೆ ಶುರುವಾಗುವುದು ಅಲ್ಲಿಂದ. ಪ್ರೆಮಿಂಜರ್ ಕ್ಯಾಮೆರಾ ನಿಲ್ಲುವುದೂ ಅಲ್ಲೇ. ಹೈಫಾ ಬಂದರಿನಲ್ಲಿ ಮೂಲೆಗೆ ಬಿದ್ದಿದ್ದ ನಿಜವಾದ ಹಡಗು 1952ರಲ್ಲೇ ಬೆಂಕಿ ಬಿದ್ದು ಸುಟ್ಟುಹೋಗಿತ್ತು.