ಸಾರ ಕೋಶಗಳನ್ನು ಕೊಂದಿತು, ಸರಿ, ಎಷ್ಟು ಸಾಂದ್ರತೆಯಲ್ಲಿ?

ಯಾವುದೋ ಗಿಡದ ಎಲೆಯ ಸಾರ ಕ್ಯಾನ್ಸರ್ ಕೋಶಗಳನ್ನು ನಾಶ ಮಾಡುತ್ತದೆ ಎಂಬ ಸುದ್ದಿ ಕಂಡಾಗಲೆಲ್ಲ ನಾನು ಮೊದಲು ಹುಡುಕುವುದು ಒಂದು ಸಂಖ್ಯೆಯನ್ನು. ಒಂದು ಮಿಲಿಲೀಟರ್ ದ್ರವದಲ್ಲಿ ಎಷ್ಟು ಮೈಕ್ರೋಗ್ರಾಂ ಸಾರ ಇದ್ದಾಗ ಅರ್ಧದಷ್ಟು ಕೋಶಗಳು ಸತ್ತವು? ಸುದ್ದಿಯಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಮೂಲ ಪ್ರಬಂಧ ತೆರೆದರೆ ಎಷ್ಟೋ ಸಲ ಇನ್ನೂರು ಎಂದೋ ಐನೂರು ಎಂದೋ ಸಿಗುತ್ತದೆ. ಅಲ್ಲಿಗೆ ನನ್ನ ಉತ್ಸಾಹ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಮಿಲಿಲೀಟರಿಗೆ 500 ಮೈಕ್ರೋಗ್ರಾಂ ಮುಟ್ಟಲು ಎರಡೂವರೆ ಗ್ರಾಂ ಸಾರ ಏಕಕಾಲಕ್ಕೆ ರಕ್ತದಲ್ಲಿ ಕರಗಿರಬೇಕು. ಆದರೆ ಒಳಸೇರಿದ ವಸ್ತು ರಕ್ತದಲ್ಲಷ್ಟೇ ನಿಲ್ಲುವುದಿಲ್ಲ. ದೇಹದ ಸುಮಾರು 40 ಲೀಟರ್ ನೀರಿನಲ್ಲೆಲ್ಲ ಅದು ಹರಡಿತೆಂದುಕೊಂಡರೆ ಬೇಕಾಗುವುದು 20 ಗ್ರಾಂ. ಒಣಗಿದ ಎಲೆಯ ತೂಕದಲ್ಲಿ ಹತ್ತನೇ ಒಂದು ಭಾಗ ಸಾರ ಸಿಗುತ್ತದೆ ಎಂದಿಟ್ಟುಕೊಂಡರೆ, ಅದು 200 ಗ್ರಾಂ ಒಣಎಲೆಯ ಸಾರ. ಅದೂ ಜಠರದಲ್ಲಿ ಕೆಡದೆ, ಕರುಳಿನಲ್ಲಿ ಪೂರ್ತಿ ಹೀರಲ್ಪಟ್ಟು, ಯಕೃತ್ತಿನ ಕಿಣ್ವಗಳ ಕೈಯಿಂದ ಪಾರಾಗಿ ಬಂದರೆ ಮಾತ್ರ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಾನದಂಡವೆಂದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಮಿತಿ, ಕಚ್ಚಾ ಸಾರಕ್ಕೆ ಮಿಲಿಲೀಟರಿಗೆ 30 ಮೈಕ್ರೋಗ್ರಾಂ. ಅದರೊಳಗೆ ಬಂದ ಸಾರವನ್ನೂ ಆರೋಗ್ಯವಂತ ಕೋಶಗಳ ಮೇಲೆ ಪರೀಕ್ಷಿಸಬೇಕು. ಎರಡೂ ಬಗೆಯ ಕೋಶಗಳನ್ನು ಒಂದೇ ಪ್ರಮಾಣದಲ್ಲಿ ಕೊಲ್ಲುವ ವಸ್ತುವಿಗೆ ವಿಷ ಎಂದೇ ಹೆಸರು.

ಸಂಖ್ಯೆ ಚೆನ್ನಾಗಿದ್ದರೂ ನಾನು ತಕ್ಷಣ ನಂಬುವುದಿಲ್ಲ. ಕಚ್ಚಾ ಸಾರದಲ್ಲಿ ನೂರಾರು ರಾಸಾಯನಿಕಗಳಿರುತ್ತವೆ. ಅವುಗಳಲ್ಲಿ ಕೆಲವು ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತವೆ. ಕೋಶಗಳ ಜೀವಂತಿಕೆ ಅಳೆಯಲು ಎಲ್ಲೆಡೆ ಬಳಸುವ ಎಂಟಿಟಿ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಬದುಕಿರುವ ಕೋಶ ಒಂದು ಹಳದಿ ಬಣ್ಣವನ್ನು ನೇರಳೆಯಾಗಿ ಬದಲಿಸುತ್ತದೆ. ನೇರಳೆ ಗಾಢವಾದಷ್ಟೂ ಜೀವಂತ ಕೋಶಗಳು ಹೆಚ್ಚು. ಆದರೆ ಸಸ್ಯಗಳಲ್ಲಿ ಹೇರಳವಾಗಿರುವ ಪಾಲಿಫಿನಾಲ್‌ಗಳು ಪರೀಕ್ಷಾ ತಟ್ಟೆಯ ಕೋಶವೇ ಇಲ್ಲದ ಕುಳಿಯಲ್ಲೂ ಅದೇ ಬಣ್ಣ ಬದಲಾವಣೆ ಮಾಡಬಲ್ಲವು. ಆಗ ಸತ್ತ ಕೋಶಗಳೂ ಬದುಕಿವೆ ಎಂಬ ಲೆಕ್ಕ ಬರುತ್ತದೆ. ಕೋಶಗಳಿಲ್ಲದ ಕೆಲವು ಕುಳಿಗಳಿಗೆ ಸಾರ ಮತ್ತು ಬಣ್ಣ ಮಾತ್ರ ಹಾಕಿ ನೋಡಿದರೆ ಈ ಮೋಸ ಅಲ್ಲೇ ಬಯಲಾಗುತ್ತದೆ. ಖರ್ಚಿಲ್ಲದ ಈ ಎಚ್ಚರಿಕೆಯನ್ನು ಬಿಟ್ಟ ಪ್ರಬಂಧಗಳನ್ನು ಓದುವಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಟ್ಯಾನಿನ್‌ಗಳ ಕಥೆ ಬೇರೆ. ಗಿಡಗಳಿಗೆ ಒಗರು ರುಚಿ ಕೊಡುವ ಈ ವಸ್ತುಗಳು ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತವೆ. ಮಧುಮೇಹಕ್ಕೆ ಸಂಬಂಧಿಸಿದ ಕಿಣ್ವ ಇಟ್ಟರೆ ಅದನ್ನೂ ತಡೆಯುತ್ತವೆ, ವೈರಾಣುವಿನ ಕಿಣ್ವ ಇಟ್ಟರೆ ಅದನ್ನೂ ತಡೆಯುತ್ತವೆ. ಒಂದೇ ಗಿಡ ಹತ್ತು ರೋಗಗಳಿಗೆ ಮದ್ದು ಎಂಬ ವರದಿಗಳ ಹಿಂದೆ ಹಲವು ಬಾರಿ ಇರುವುದು ಈ ಅಂಟುಗುಣವೇ. ಟ್ಯಾನಿನ್ ತೆಗೆದ ಮೇಲೂ ಸಾರದ ಗುಣ ಉಳಿಯುತ್ತದೆಯೇ ಎಂದು ನೋಡದೆ ಮುಂದೆ ಹೋಗಬಾರದು. ಅರಿಶಿನದ ಕರ್ಕ್ಯುಮಿನ್ ಕೂಡ ಇಂಥ ಮಾಯಾವಿ. ಅದು ಪ್ರೋಟೀನುಗಳೊಡನೆ ವರ್ತಿಸುತ್ತದೆ, ತಾನೇ ಬೆಳಗಿ ಉಪಕರಣದ ಅಳತೆಯನ್ನು ಕೆಡಿಸುತ್ತದೆ, ದ್ರಾವಣದಲ್ಲಿ ನಿಲ್ಲದೆ ಬೇಗ ಒಡೆಯುತ್ತದೆ. 2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞರು ಪ್ರಕಟಿಸಿದ ಸಮೀಕ್ಷೆಯೊಂದು, ನೂರಕ್ಕೂ ಹೆಚ್ಚು ಚಿಕಿತ್ಸಾ ಪ್ರಯೋಗಗಳು ನಡೆದಿದ್ದರೂ ಕಟ್ಟುನಿಟ್ಟಾದ ಯಾವುದೇ ಪ್ರಯೋಗದಲ್ಲಿ ಕರ್ಕ್ಯುಮಿನ್ ಯಶಸ್ವಿಯಾಗಿಲ್ಲ ಎಂಬ ನಿರ್ಣಯಕ್ಕೆ ಬಂದಿತು.

ಆ್ಯಂಟಿಆಕ್ಸಿಡೆಂಟ್ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಲಾರೆ. ಸಾರ ಸೇರಿಸಿದಾಗ ಡಿಪಿಪಿಎಚ್ ಎಂಬ ನೇರಳೆ ದ್ರಾವಣ ಹಳದಿಯಾದರೆ ಅದು ಪರೀಕ್ಷಾನಳಿಗೆಯ ರಸಾಯನಶಾಸ್ತ್ರ. ಆ ವಸ್ತು ನಮ್ಮ ದೇಹದಲ್ಲಿ ಇಲ್ಲವೇ ಇಲ್ಲ. ಆ್ಯಂಟಿಆಕ್ಸಿಡೆಂಟ್ ಎಂದು ಪ್ರಸಿದ್ಧವಾದ ಬೀಟಾ ಕ್ಯಾರೊಟೀನನ್ನು ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. 1994ರಲ್ಲಿ ಫಲಿತಾಂಶ ಬಂದಾಗ, ಅದನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು.

ಇಷ್ಟೆಲ್ಲ ಹೇಳಿದ್ದು ಗಿಡಗಳಲ್ಲಿ ಔಷಧವಿಲ್ಲ ಎನ್ನಲು ಅಲ್ಲ. ಅಲ್ಲಿ ಔಷಧವಿದೆ ಎಂದು ನಂಬಿಯೇ ನಾನು ಈ ಕೆಲಸ ಮಾಡುತ್ತಿದ್ದೇನೆ. ಚೀನಾದ ತೂ ಯೂಯೂ ಮತ್ತು ತಂಡ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ ಆರ್ಟೆಮಿಸಿಯಾ ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಮತ್ತೊಮ್ಮೆ ಮಾಡುತ್ತಿರಲಿಲ್ಲ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಆ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂದು ಬರೆದಿದ್ದ. ಕುದಿಸುವ ಮಾತೇ ಅಲ್ಲಿರಲಿಲ್ಲ. ಬಿಸಿಯಿಂದ ಗುಣ ಕೆಡುತ್ತಿರಬಹುದು ಎಂದು ತೂ ಊಹಿಸಿದರು. ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು, ವಿಷಕಾರಿಯಾದ ಆಮ್ಲೀಯ ಭಾಗವನ್ನು ಬೇರ್ಪಡಿಸಿದರು. 1971ರ ಅಕ್ಟೋಬರಿನಲ್ಲಿ ಆ ಸಾರ ಇಲಿಗಳಲ್ಲಿ ಮಲೇರಿಯಾ ಪರಾವಲಂಬಿಯನ್ನು ಸಂಪೂರ್ಣವಾಗಿ ಹತ್ತಿಕ್ಕಿತು. ಕಾಂಡದಲ್ಲಿ ಅಲ್ಲ, ಎಲೆಯಲ್ಲಿ ಔಷಧವಿದೆ, ಕೊಯ್ಲಿನ ಕಾಲವೂ ಮುಖ್ಯ ಎಂಬುದು ಅದೇ ಶೋಧದಲ್ಲಿ ತಿಳಿಯಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ನನ್ನ ವಿದ್ಯಾರ್ಥಿಗಳು ಅಭ್ಯಾಸಬಲದಿಂದ ಮೆಥನಾಲ್ ಬಾಟಲಿಗೆ ಕೈ ಹಾಕಿದಾಗ, ದ್ರಾವಕ ಏಕೆ ಇದೇ ಎಂದು ನಾನು ಕೇಳುವುದು ಈ ಕಾರಣಕ್ಕೆ.

ಗಿಡದ ಗುರುತು ಅದಕ್ಕಿಂತಲೂ ಮೊದಲಿನ ಮಾತು. ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಸ್ಟೆಫೇನಿಯಾ ಎಂಬ ಚೀನೀ ಬೇರಿನ ಬದಲು ಅರಿಸ್ಟೊಲೋಕಿಯಾ ಬೇರು ಸೇರಿಹೋಗಿತ್ತು. 1990ರ ದಶಕದ ಆರಂಭದಲ್ಲಿ ಅವನ್ನು ನುಂಗಿದ ಮಹಿಳೆಯರ ಮೂತ್ರಪಿಂಡಗಳು ಹಾಳಾದವು, ಕೆಲವರಲ್ಲಿ ಮುಂದೆ ಮೂತ್ರನಾಳದ ಕ್ಯಾನ್ಸರ್ ಕಾಣಿಸಿಕೊಂಡಿತು. ಸಸ್ಯತಜ್ಞರು ಗುರುತಿಸಿ ಹರ್ಬೇರಿಯಂ ಎಂಬ ಸಸ್ಯಸಂಗ್ರಹದಲ್ಲಿ ಸಂಖ್ಯೆ ಹಾಕಿ ಇಟ್ಟ ಒಣಮಾದರಿ ಇಲ್ಲದ ಸಂಶೋಧನೆಯನ್ನು ಯಾರೂ ಮತ್ತೆ ಮಾಡಿ ನೋಡಲಾಗದು.

ನಂತರದ ಹಾದಿ ದೀರ್ಘ. ಸಾರವನ್ನು ಕ್ರೊಮ್ಯಾಟೋಗ್ರಫಿ ಎಂಬ ಬೇರ್ಪಡಿಸುವ ವಿಧಾನದಲ್ಲಿ ಭಾಗ ಮಾಡಬೇಕು, ಪ್ರತಿ ಭಾಗವನ್ನು ಪರೀಕ್ಷಿಸಬೇಕು, ಗುಣ ಉಳಿದ ಭಾಗವನ್ನು ಮತ್ತೆ ಒಡೆಯಬೇಕು, ಕೊನೆಗೆ ಒಂದೇ ಅಣು ಕೈಗೆ ಸಿಗುವವರೆಗೆ. ಪೆಸಿಫಿಕ್ ಯೂ ಮರದ ತೊಗಟೆಯನ್ನು ಸಂಗ್ರಹಿಸಿದ್ದು 1962ರಲ್ಲಿ. ಅದರಲ್ಲಿದ್ದ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ಅಣುವಿನ ರಚನೆ ಪ್ರಕಟವಾದದ್ದು 1971ರಲ್ಲಿ. ಅದು ಕೋಶವಿಭಜನೆಯನ್ನು ತಡೆಯುವ ಬಗೆಯನ್ನು ಸೂಸನ್ ಹಾರ್ವಿಟ್ಜ್ ವಿವರಿಸಿದ್ದು 1979ರಲ್ಲಿ. ಅಮೆರಿಕದಲ್ಲಿ ಔಷಧವಾಗಿ ಅನುಮತಿ ಸಿಕ್ಕಿದ್ದು 1992ರಲ್ಲಿ. ನಡುವೆ ತಂಡಗಳನ್ನು ಕಾಡಿದ್ದು ಕೊರತೆ, ಏಕೆಂದರೆ ತೊಗಟೆಯಲ್ಲಿ ಆ ಅಣು ಅತ್ಯಲ್ಪ. ಯುರೋಪಿನ ಯೂ ಮರದ ಎಲೆಯಿಂದ ಹತ್ತಿರದ ಅಣುವೊಂದನ್ನು ತೆಗೆದು ಟ್ಯಾಕ್ಸಾಲ್ ಆಗಿ ಮಾರ್ಪಡಿಸುವ ಮಾರ್ಗ ಸಿಕ್ಕ ಮೇಲೆಯೇ ಮರಗಳು ಉಳಿದವು, ರೋಗಿಗಳಿಗೂ ಸಾಕಷ್ಟು ಔಷಧ ಸಿಕ್ಕಿತು.

ಕೆಲವೊಮ್ಮೆ ಗಿಡ ನಾವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತದೆ. ನಿತ್ಯಪುಷ್ಪದ ಎಲೆ ಮಧುಮೇಹಕ್ಕೆ ಒಳ್ಳೆಯದೆಂಬ ನಂಬಿಕೆಯಿತ್ತು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ; ಸಾರವನ್ನು ಚುಚ್ಚಿದ ಇಲಿಗಳಲ್ಲಿ ಬಿಳಿ ರಕ್ತಕಣಗಳು ಕುಸಿದವು. ಆ ಕುಸಿತವನ್ನು ಬೆನ್ನಟ್ಟಿ ಅವರು 1958ರಲ್ಲಿ ಕ್ಯಾನ್ಸರ್ ವಿರೋಧಿ ಅಣುವಾದ ವಿನ್‌ಬ್ಲಾಸ್ಟಿನ್ ವಿವರವನ್ನು ಪ್ರಕಟಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿದೆ, ರಕ್ತನಾಳದ ಮೂಲಕ, ಮಿಲಿಗ್ರಾಂ ಲೆಕ್ಕದಲ್ಲಿ. ಎಲೆ ಅಗಿದು ಆ ಫಲ ಪಡೆಯಲು ಸಾಧ್ಯವಿಲ್ಲ.

ಗುಣ ನಿಜವಾಗಿದ್ದಾಗಲೇ ಅಪಾಯವೂ ನಿಜ. ಮನಸ್ಸಿನ ಕುಗ್ಗುವಿಕೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಗಿಡದ ಸಾರ ಯಕೃತ್ತಿನ ಕಿಣ್ವಗಳನ್ನು ಹುರಿದುಂಬಿಸಿ ಬೇರೆ ಔಷಧಗಳನ್ನು ಬೇಗ ಒಡೆಯುವಂತೆ ಮಾಡುತ್ತದೆ. ಹೃದಯ ಕಸಿ ಮಾಡಿಸಿಕೊಂಡ ಇಬ್ಬರು ಅದನ್ನು ಸೇವಿಸಿದ್ದರಿಂದ ಕಸಿಯ ತಿರಸ್ಕಾರ ತಡೆಯುವ ಸೈಕ್ಲೋಸ್ಪೋರಿನ್ ಔಷಧದ ಮಟ್ಟ ಇಳಿದು, ದೇಹ ಹೊಸ ಹೃದಯವನ್ನು ತಿರಸ್ಕರಿಸತೊಡಗಿದ ಪ್ರಕರಣಗಳು 2000ದಲ್ಲಿ ವರದಿಯಾದವು. ಚಿಕಿತ್ಸೆಯಲ್ಲಿರುವವರು ಯಾವುದೇ ಸಸ್ಯಸಾರ ಸೇವಿಸುತ್ತಿದ್ದರೆ ಗಿಡದ ಹೆಸರು, ಪ್ರಮಾಣ, ಎಂದಿನಿಂದ ಎಂಬ ಮೂರನ್ನೂ ವೈದ್ಯರಿಗೆ ತಿಳಿಸಲೇಬೇಕು. ಡಬ್ಬಿ ಇದ್ದರೆ ಅದನ್ನೇ ತೋರಿಸುವುದು ಇನ್ನೂ ಒಳ್ಳೆಯದು.